ಹಳೇ ಸಮವಸ್ತ್ರ, ಧ್ವಜ, ಸೇನಾ ಕಾಗದ ಕೆಡುತ್ತಿದ್ದರೆ ದೋಷ ಎಲ್ಲಿದೆ? ಸಣ್ಣ ಸಂಗ್ರಹಾಲಯದವರಿಗೆ ದೋಷ ನಿವಾರಣೆ ಕೈಪಿಡಿ

ಸಣ್ಣ ಸೇನಾ ಸಂಗ್ರಹಾಲಯ ಅಂದರೆ ನಮ್ಮ ಕಡೆ ಒಂದೋ ಎರಡೋ ಕೋಣೆ. ಮಾಜಿ ಸೈನಿಕರ ಸಂಘದ ಕಟ್ಟಡದಲ್ಲೋ, ಶಾಲೆಯ ಮೂಲೆಯಲ್ಲೋ, ಕೊಡಗಿನಲ್ಲಾದರೆ ಕುಲದ ಮೂಲಮನೆಯಾದ ಯಾವುದೋ ಐನ್‌ಮನೆಯಲ್ಲೋ ಇರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಅಜ್ಜನ ಉಣ್ಣೆ ಕೋಟು, ಬೆಲ್ಟು, ಪದಕ. ಗೋಡೆ ಮೇಲೆ ಫ್ರೇಮ್ ಹಾಕಿಸಿದ ಡಿಸ್ಚಾರ್ಜ್ ಸರ್ಟಿಫಿಕೇಟು. ಅದೃಷ್ಟವಿದ್ದರೆ ಒಂದು ರೇಷ್ಮೆ ಧ್ವಜ. ನೋಡಿಕೊಳ್ಳುವವರು ಒಬ್ಬರು, ಅವರಿಗೂ ಬೇರೆ ಕೆಲಸ ಇರುತ್ತದೆ.

ಜುಲೈ ಬಂತೆಂದರೆ ಪ್ರಶ್ನೆಗಳು ಶುರು. "ಕೋಟಿನ ಮೇಲೆ ಏನೋ ಬಿಳಿ ಬಂದಿದೆ, ಏನು ಹಚ್ಚಬೇಕು?" ಸದ್ಯಕ್ಕೆ ಏನೂ ಹಚ್ಚಬೇಡಿ. ಕೋಟಿನ ಮೇಲೆ ಕಾಣುವುದು ಲಕ್ಷಣ ಅಷ್ಟೇ. ದೋಷ ಸಾಮಾನ್ಯವಾಗಿ ಅದನ್ನಿಟ್ಟ ಪೆಟ್ಟಿಗೆಯಲ್ಲೋ, ಹಿಂದಿನ ಗೋಡೆಯಲ್ಲೋ, ಪಕ್ಕದಲ್ಲಿಟ್ಟ ಇನ್ನೊಂದು ವಸ್ತುವಿನಲ್ಲೋ ಇರುತ್ತದೆ. ಅದನ್ನು ಬಿಟ್ಟು ಕೋಟನ್ನು ಮಾತ್ರ ಒರೆಸಿಟ್ಟರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ.

ಬೇಕಾದ ಸಾಮಾನು ಕಡಿಮೆ. ಟಾರ್ಚು, ಭೂತಗನ್ನಡಿ, ಬಿಳಿ ಹಾಳೆ, ಮೆತ್ತನೆಯ ಬ್ರಷ್, ನೈಟ್ರೈಲ್ ಗ್ಲೌಸ್, ಎನ್95 ಮಾಸ್ಕ್, ತೇವಾಂಶ ತೋರಿಸುವ ಎರಡು ಹೈಗ್ರೋಮೀಟರ್, ಮತ್ತೆ ಒಂದು ನೋಟ್‌ಬುಕ್. ಏನನ್ನು ಮುಟ್ಟುವ ಮೊದಲೂ ಫೋಟೋ ತೆಗೆದಿಡಿ.

ಬಿಳಿ ಪುಡಿ: ಬೂಷ್ಟೋ ಬೇರೇನೋ?

ಕೋಣೆ ಕತ್ತಲು ಮಾಡಿ. ಟಾರ್ಚನ್ನು ಬಟ್ಟೆಗೆ ಹೆಚ್ಚು ಕಡಿಮೆ ಸಮಾನಾಂತರವಾಗಿ, ಪಕ್ಕದಿಂದ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೇಲಿನಿಂದ ಬೆಳಕು ಬಿಟ್ಟರೆ ಎಲ್ಲ ಬಿಳಿಯೂ ಒಂದೇ ಥರ ಕಾಣುತ್ತದೆ. ಅಡ್ಡ ಬೆಳಕಿನಲ್ಲಿ ಬೇರೆಬೇರೆಯಾಗುತ್ತದೆ.

ಕೂದಲಿನಂಥ ಎಳೆಗಳು, ದುಂಡು ಮಚ್ಚೆಗಳು, ಅದೂ ಕಾಲರ್, ಕಂಕುಳು, ತೋಳಿನ ಪಟ್ಟಿ ಹತ್ತಿರ ಜಾಸ್ತಿ ಇದ್ದರೆ ಅದು ಬೂಷ್ಟು. ಬೆವರು, ಎಣ್ಣೆ ಅಂಟಿದ ಜಾಗವೇ ಅದಕ್ಕೆ ಊಟ. ಮುಗ್ಗಲು ವಾಸನೆಯೂ ಇರುತ್ತದೆ. ಬ್ರಷ್ ತುದಿಯಿಂದ ಮೆಲ್ಲಗೆ ಮುಟ್ಟಿ. ಮೆತ್ತಗೆ ಸವರಿಕೊಂಡರೆ ಈಗಲೂ ಬೆಳೆಯುತ್ತಿದೆ. ಒಣ ಪುಡಿಯಾಗಿ ಉದುರಿದರೆ ಸದ್ಯಕ್ಕೆ ಮಲಗಿದೆ.

ಸೂಜಿಯಂಥ, ಹೊಳೆಯುವ ಹರಳುಗಳು ಜೇಬಿನಲ್ಲಿ, ಮಡಿಕೆಯಲ್ಲಿ ಕಂಡರೆ ನುಸಿಗುಳಿಗೆ ನೆನಪು ಮಾಡಿಕೊಳ್ಳಿ. ಮುಚ್ಚಿದ ಟ್ರಂಕಿನಲ್ಲಿ ನ್ಯಾಫ್ತಲೀನ್ ಆವಿಯಾಗಿ, ತಣ್ಣಗಾದಾಗ ಬಟ್ಟೆ ಮೇಲೇ ಹರಳುಗಟ್ಟುತ್ತದೆ. ಜನ ಓಡಾಡದ, ಗಾಳಿಯಾಡುವ ಕೋಣೆಯಲ್ಲಿ ಕೆಲವು ದಿನ ಇಟ್ಟರೆ ತಾನೇ ಹೋಗುತ್ತದೆ. ಬೂಷ್ಟು ಹಾಗೆ ಹೋಗುವುದಿಲ್ಲ.

ನುಣ್ಣನೆಯ ಪುಡಿ, ಹೊಲಿಗೆಯೊಳಗೆ, ಜೇಬಿನ ತಳದಲ್ಲಿ, ಮಡಿಕೆಯಲ್ಲಿ ಒಂದೇ ಸಮ ಇದ್ದರೆ ಅಲ್ಲಿಗೆ ಕೆಲಸ ನಿಲ್ಲಿಸಿ ಗ್ಲೌಸು, ಮಾಸ್ಕು ಹಾಕಿ. ಒಂದು ಕಾಲದಲ್ಲಿ ಬಟ್ಟೆ ಟ್ರಂಕಿಗೆ ಡಿಡಿಟಿ, ಗ್ಯಾಮಾಕ್ಸಿನ್ ಎಂಬ ಕೀಟನಾಶಕ ಪುಡಿ ಉದುರಿಸುವುದು ಸಾಮಾನ್ಯವಾಗಿತ್ತು. ಇದನ್ನು ಬ್ರಷ್‌ನಿಂದ ಕೊಡವಬೇಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಹಿಡಿಯಲೂಬೇಡಿ. ಅದರ ಚೀಲದಿಂದ ಪುಡಿ ಮತ್ತೆ ಗಾಳಿಗೇ ಬರುತ್ತದೆ. ಪೆಟ್ಟಿಗೆಗೆ "ವಿಷಪುಡಿ ಇರಬಹುದು" ಎಂದು ಚೀಟಿ ಅಂಟಿಸಿ ತಜ್ಞರಿಗೆ ಬಿಡಿ. ಶಾಲಾ ಮಕ್ಕಳಿಗೆ "ಮುಟ್ಟಿ ನೋಡಿ" ಎಂದು ಹಳೇ ಕೋಟು ಕೊಡುವ ರೂಢಿ ಇದ್ದರೆ ಇವತ್ತೇ ಬಿಡಿ.

ಚರ್ಮದ ಬೆಲ್ಟಿನ ಮೇಲಿನ ಬಿಳಿ ಇನ್ನೂ ಮೋಸದ್ದು. ಸೂಜಿ ತುದಿಯಲ್ಲಿ ಚೂರು ತೆಗೆದು ಗಾಜಿನ ತುಂಡಿನ ಮೇಲೆ ಹಾಕಿ, ಕೆಳಗಿನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಕರಗಿ ಎಣ್ಣೆಯಾದರೆ ಅದು ಚರ್ಮಕ್ಕೆ ಹಿಂದೆ ಹಚ್ಚಿದ ಕೊಬ್ಬು ಮೇಲೆ ಬಂದಿರುವುದು. ಕರಗದಿದ್ದರೆ ಬೂಷ್ಟು ಇರಬಹುದು. ಕೊಬ್ಬಾದರೆ ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಮೇಲೆ ಮತ್ತೆ ಎಣ್ಣೆ, ಪಾಲಿಶ್ ಬೇಡವೇ ಬೇಡ.

ಹಿತ್ತಾಳೆ ಗುಂಡಿಯ ಸುತ್ತ ಮಾತ್ರ ಸುಣ್ಣದಂಥ ಬಿಳಿ ಇದ್ದರೆ ಅದು ಯಾರೋ ಹಚ್ಚಿದ ಲೋಹದ ಪಾಲಿಶ್ ಬ್ರಾಸೋ ಒಣಗಿರುವುದು. ದಪ್ಪ ನೂಲಿನ ಬೆಲ್ಟಿನ ಮೇಲೆ ಬಿಳಿಯೋ ಹಸಿರು ಮಿಶ್ರಿತ ಖಾಕಿಯೋ ಬಣ್ಣದ ಪದರ ಇದ್ದರೆ ಅದು ಬ್ಲ್ಯಾಂಕೋ ಎಂಬ ಬಣ್ಣದ ಲೇಪ. ಪರೇಡಿಗೆ ಮೊದಲು ಸಿಪಾಯಿಯೇ ಕೂತು ಹಚ್ಚಿಕೊಂಡದ್ದು. ಅದು ಕೊಳೆಯಲ್ಲ, ವಸ್ತುವಿನ ಭಾಗ. ತೊಳೆದರೆ ಆ ಕೈಕೆಲಸವೇ ಹೋಯಿತು.

ಒಂದು ಮುಖ್ಯ ವಿಷಯ. ಅದೇ ಗಾಜಿನ ಪೆಟ್ಟಿಗೆಯಲ್ಲಿ ಸೀಸದ ಗುಂಡುಗಳಿದ್ದು, ಅವುಗಳ ಮೇಲೂ ಬಿಳಿ ಪುಡಿ ಎದ್ದಿದ್ದರೆ ಪೆಟ್ಟಿಗೆಯ ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಹುಳಿ ವಾಸನೆಯ ಸಿಲಿಕೋನ್ ಸೀಲೆಂಟ್ ಅನ್ನು ಅನುಮಾನಿಸಿ. ಅವು ಆಮ್ಲದ ಆವಿ ಬಿಡುತ್ತವೆ. ಸೀಸ ಬೇಗ ತೋರಿಸುತ್ತದೆ, ಉಳಿದದ್ದು ತಡವಾಗಿ. ಸೀಸದ ಪುಡಿಯೂ ವಿಷ, ಬರಿಗೈಯಲ್ಲಿ ಮುಟ್ಟಬೇಡಿ.

ಬೂಷ್ಟು ಎಂದು ಖಚಿತವಾದರೆ

ನಮ್ಮಲ್ಲಿ ಮೊದಲು ಬರುವ ಸಲಹೆ: ಬಿಸಿಲಿಗೆ ಹಾಕಿ. ಹಾಸಿಗೆ, ಹಪ್ಪಳಕ್ಕೆ ಸರಿ. ನೂರು ವರ್ಷದ ಉಣ್ಣೆ, ರೇಷ್ಮೆಗೆ ಬಿಸಿಲು ಬೇಡ. ಬೂಷ್ಟು ಸಾಯುವುದಕ್ಕಿಂತ ಮೊದಲು ಬಣ್ಣ ಸಾಯುತ್ತದೆ.

ಮೊದಲು ಆ ವಸ್ತುವನ್ನು ಉಳಿದವುಗಳಿಂದ ಬೇರೆ ಕೋಣೆಗೆ ಸಾಗಿಸಿ. ಒದ್ದೆಯಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಫ್ಯಾನ್ ಹಾಕಿ, ಆದರೆ ಗಾಳಿ ನೇರ ಅದರ ಮೇಲೆ ಬೀಳದಂತೆ ಗೋಡೆ ಕಡೆ ತಿರುಗಿಸಿ. ತೇವಾಂಶ 60 ಪ್ರತಿಶತದ ಕೆಳಗೆ ಬಂದು, ಬೂಷ್ಟು ಒಣ ಪುಡಿಯಾದ ಮೇಲೆ ಶುಚಿ ಮಾಡುವುದು. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್‌ನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಕಡಿಮೆ ಎಳೆತದಲ್ಲಿ, ಬಟ್ಟೆಗೆ ತಾಗಿಸದೆ. ಡೆಟಾಲ್, ಸ್ಪಿರಿಟ್, ಬ್ಲೀಚಿಂಗ್ ಪೌಡರ್ ಯಾವುದೂ ಬೇಡ.

ತೊಳೆಯುವ ಆಸೆಯೂ ಬೇಡ. ಖಾಕಿ ಎಂದರೆ ಒಂದೇ ಬಣ್ಣವಲ್ಲ. 1850ರ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಮಾಡಿದ ಖಾಕಿಯಿಂದ ಹಿಡಿದು ಆಮೇಲಿನ ಖನಿಜ ಬಣ್ಣ, ರಾಸಾಯನಿಕ ಬಣ್ಣದವರೆಗೆ ಹತ್ತಾರು ಬಗೆ ಬಂದಿವೆ. ನೋಡಲು ಒಂದೇ ಥರ ಇರುವ ಎರಡು ಕೋಟಿನಲ್ಲಿ ಒಂದು ನೀರು ತಡೆಯುತ್ತದೆ, ಇನ್ನೊಂದು ಬಣ್ಣ ಬಿಡುತ್ತದೆ. ಭುಜದ ಕೆಂಪು ಪಟ್ಟಿಯಂತೂ ಹೇಳುವುದೇ ಬೇಡ.

ಈಗ ಕೋಣೆಯ ತಪಾಸಣೆ

ಇಲ್ಲಿ ಸ್ವಲ್ಪ ನಿಧಾನಿಸಿ. ಬಹುಪಾಲು ದೋಷ ಸಿಗುವುದು ಇಲ್ಲೇ.

ಮೊದಲು ಹೈಗ್ರೋಮೀಟರ್ ಸರಿಯಿದೆಯಾ ನೋಡಿ. ಅಗ್ಗದವು ಹತ್ತು ಪ್ರತಿಶತ ತಪ್ಪು ತೋರಿಸಿದರೂ ಆಶ್ಚರ್ಯವಿಲ್ಲ. ಬಾಟಲಿ ಮುಚ್ಚಳದಲ್ಲಿ ಅಡಿಗೆ ಉಪ್ಪು ಹಾಕಿ, ಹಸಿ ಮರಳಿನಂತಾಗುವಷ್ಟು ಮಾತ್ರ ನೀರು ಬಿಡಿ. ಉಪ್ಪು ಕರಗಿಹೋಗಬಾರದು. ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಂದು ಜಿಪ್ ಕವರಿನಲ್ಲಿಟ್ಟು ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 69 ತೋರಿಸಿದರೆ ಮುಂದೆ ಅದರ ಪ್ರತಿ ಲೆಕ್ಕಕ್ಕೂ 6 ಸೇರಿಸಿ ಓದಿ. ಮೀಟರ್ ಬೆನ್ನಿಗೆ ಅದನ್ನು ಬರೆದು ಅಂಟಿಸಿ.

ಆಮೇಲೆ ಒಂದನ್ನು ಕೋಣೆಯ ನಡುವೆ, ಇನ್ನೊಂದನ್ನು ಗಾಜಿನ ಪೆಟ್ಟಿಗೆಯೊಳಗೆ ಇಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಮಧ್ಯಾಹ್ನ, ಮುಚ್ಚುವ ಮೊದಲು, ಹೀಗೆ ಮೂರು ಹೊತ್ತು ಬರೆದಿಡಿ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಆಹ್ವಾನ. ಮಡಿಕೇರಿ, ಆಗುಂಬೆಯ ಮಳೆಗಾಲದಲ್ಲಿ ವಿದೇಶಿ ಪುಸ್ತಕ ಹೇಳುವ 50 ಕನಸಿನ ಮಾತು. 60ರ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲಿಸಿದರೆ ದೊಡ್ಡ ಗೆಲುವು.

ಬೆಳಿಗ್ಗೆಯ ಲೆಕ್ಕ ಮಾತ್ರ ಜಾಸ್ತಿ ಬರುತ್ತಿದೆಯಾ? ಏಸಿ ನೋಡಿ. ಜನ ಬರುವಾಗ ಹಾಕಿ, ಸಂಜೆ ಆರಿಸಿ ಹೋದರೆ ರಾತ್ರಿ ಹೊರಗಿನ ಹಸಿ ಗಾಳಿ ಒಳಗೆ ಬಂದು ತಣ್ಣಗಿರುವ ಗಾಜು, ಪದಕ, ಗುಂಡಿ ಮೇಲೆ ನೀರು ಕೂರುತ್ತದೆ. ದಿನಕ್ಕೆ ಒಂಬತ್ತು ಗಂಟೆ ಏಸಿಗಿಂತ ಏಸಿಯೇ ಇಲ್ಲದಿರುವುದು ವಾಸಿ. ದುಡ್ಡಿದ್ದರೆ ಡಿಹ್ಯುಮಿಡಿಫೈಯರ್ ತನ್ನಿ, ಅದನ್ನು ಹಗಲೂ ರಾತ್ರಿ ಓಡಿಸಿ. ಅದರ ಬಕೆಟ್ ರಾತ್ರಿ ತುಂಬಿದರೆ ಯಂತ್ರ ತಾನೇ ನಿಂತುಬಿಡುತ್ತದೆ. ಹಿಂದೆ ಪೈಪ್ ಸಿಕ್ಕಿಸಿ ನೀರನ್ನು ಹೊರಗೆ ಬಿಡಿ.

ಒಂದೇ ಗೋಡೆ ಕಡೆಯ ವಸ್ತು ಮಾತ್ರ ಕೆಡುತ್ತಿದೆಯಾ? ಒಂದಡಿ ಅಗಲದ ಅಡಿಗೆ ಫಾಯಿಲ್ ಅನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಫಾಯಿಲಿನ ಗೋಡೆ ಕಡೆ ನೀರಿದ್ದರೆ ಗೋಡೆಯೊಳಗಿಂದಲೇ ಜಿನುಗುತ್ತಿದೆ, ಗಾರೆಯವರ ಕೆಲಸ. ಕೋಣೆ ಕಡೆ ನೀರಿದ್ದರೆ ಗಾಳಿಯ ತೇವ, ನಿಮ್ಮ ಕೆಲಸ. ಏನೇ ಇರಲಿ, ಹೊರಗೋಡೆಗೆ ಫ್ರೇಮ್ ತಾಗಿಸಿ ನೇತುಹಾಕಬೇಡಿ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆ ಕತ್ತರಿಸಿ ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ.

ಸಿಲಿಕಾ ಜೆಲ್ ಇಟ್ಟರೂ ಪ್ರಯೋಜನವಿಲ್ಲ ಎನ್ನುವವರು ಪೆಟ್ಟಿಗೆಯ ಬಾಗಿಲಿನ ಸಂದಿಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ನೋಡಿ. ಸುಲಭವಾಗಿ ಎಳೆದುಕೊಂಡು ಬಂದರೆ ಸೀಲ್ ಇಲ್ಲ. ಅಂಥ ಪೆಟ್ಟಿಗೆಯಲ್ಲಿ ಜೆಲ್ ಇಡೀ ಊರಿನ ಮಳೆ ಕುಡಿಯಲು ಹೊರಟಂತೆ. ಮೊದಲು ಸಂದಿಗೆ ಪಟ್ಟಿ ಹಾಕಿಸಿ, ಆಮೇಲೆ ಜೆಲ್. ಬಣ್ಣ ತಿರುಗಿದ ಜೆಲ್ಲನ್ನು 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಅಡಿಗೆಗೆ ಬಳಸುವ ಓವನ್ ಮಾತ್ರ ಬೇಡ, ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ.

ರೇಷ್ಮೆ ಧ್ವಜ ಸೀಳುತ್ತಿದೆ

ಸೀಳು ಎಲ್ಲಿ, ಹೇಗೆ ಬಂದಿದೆ ಎಂಬುದೇ ಕಾರಣ ಹೇಳುತ್ತದೆ.

ಹಳೇ ಮಡಿಕೆಯ ಗೆರೆಯಲ್ಲೇ ನೇರ ಸೀಳಿದ್ದರೆ ಮಡಚಿಟ್ಟದ್ದು ಕಾರಣ. ಕೋಲಿಗೆ ಸಿಕ್ಕಿಸುವ ಅಂಚಿನ ಪಕ್ಕದಲ್ಲಿ ಸೀಳಿದ್ದರೆ ನೇತುಹಾಕಿದ್ದು ಕಾರಣ. ರೆಜಿಮೆಂಟಿನ ಧ್ವಜಗಳಿಗೆ ಸುತ್ತ ಚಿನ್ನದ ಜರಿಯ ಕುಚ್ಚು, ನಡುವೆ ದಪ್ಪ ಕಸೂತಿ. ಆ ಭಾರವನ್ನೆಲ್ಲ ತೆಳ್ಳನೆ ರೇಷ್ಮೆ ದಶಕಗಟ್ಟಲೆ ಹೊತ್ತಿರುತ್ತದೆ. ಕಪ್ಪು, ಗಾಢ ಕಂದು ದಾರ ಮಾತ್ರ ಪುಡಿಯಾಗಿ ಪಕ್ಕದ ಕೆಂಪು ಗಟ್ಟಿ ಇದ್ದರೆ ಬಣ್ಣ ಹಾಕುವಾಗ ಬಳಸಿದ ಕಬ್ಬಿಣ ದಾರವನ್ನು ತಿಂದಿದೆ.

ಇನ್ನೊಂದು ಬಗೆ ಎಲ್ಲಕ್ಕಿಂತ ಕೆಟ್ಟದ್ದು. ಎಲ್ಲೆಂದರಲ್ಲಿ ಸಾಲುಸಾಲು ಸಮಾನಾಂತರ ಸೀಳು, ಮುಟ್ಟಿದರೆ ಬೆರಳಿಗೆ ಪುಡಿ. ಕತ್ತಲ ಪೆಟ್ಟಿಗೆಯಲ್ಲೇ ಇಟ್ಟದ್ದೂ ಹೀಗಾಗುತ್ತದೆ. ರೇಷ್ಮೆ ಬೇಯಿಸಿ ಅಂಟು ತೆಗೆದರೆ ತೂಕದಲ್ಲಿ ಸುಮಾರು ಕಾಲು ಭಾಗ ಹೋಗುತ್ತದೆ, ರಾಮನಗರದ ಕಡೆಯವರಿಗೆ ಹೇಳಬೇಕಿಲ್ಲ. 19ನೇ ಶತಮಾನದ ಕೊನೆಗೆ ಯುರೋಪಿನ ವ್ಯಾಪಾರಿಗಳು ಆ ತೂಕ ತುಂಬಲು ರೇಷ್ಮೆಗೆ ತವರದ ಲವಣ ಕುಡಿಸಿದರು. ಬಟ್ಟೆ ಭಾರವಾಗಿ, ಗರಿಗರಿಯಾಗಿ ಬಂತು. ಆ ಲವಣವೇ ಈಗ ಎಳೆಯನ್ನು ಒಳಗಿಂದ ಒಡೆಯುತ್ತಿದೆ. ಇದಕ್ಕೆ ಔಷಧ ಇಲ್ಲ. ವೇಗ ತಗ್ಗಿಸಬಹುದು ಅಷ್ಟೇ.

ಹಾಗಾಗಿ ಸೂಜಿ ದಾರ ಹಿಡಿಯಬೇಡಿ. ಪ್ರತಿ ತೂತೂ ಹೊಸ ಸೀಳಿನ ಆರಂಭ. ಫೆವಿಕಾಲ್, ಇಸ್ತ್ರಿಪೆಟ್ಟಿಗೆ ಹತ್ತಿರವೂ ತರಬೇಡಿ. ಧ್ವಜ ಇಳಿಸುವಾಗ ಇಬ್ಬರು ಬೇಕು. ಕೆಳಗೆ ಗಟ್ಟಿ ಹಲಗೆ, ಅದರ ಮೇಲೆ ಗಂಜಿ ಹೋಗುವಂತೆ ತೊಳೆದು ಒಣಗಿಸಿದ ಮಲ್ ಬಟ್ಟೆ, ಅದರ ಮೇಲೆ ಧ್ವಜ ಬಿಡಿಸಿ ಮಲಗಿಸಿ. ಗಟ್ಟಿ ಇರುವ ಧ್ವಜಕ್ಕೆ ಜಾಗ ಸಾಲದಿದ್ದರೆ ಕನಿಷ್ಠ 10 ಸೆಂಟಿಮೀಟರ್ ದಪ್ಪದ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ, ಅದರ ಮೇಲೆ ಸುತ್ತಬಹುದು. ಬಣ್ಣ ಬಳಿದು ಚಿತ್ರ ಬರೆದ ಧ್ವಜವನ್ನು ಸುತ್ತಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಚಿತ್ರದ ಮುಖ ಹೊರಗಿರಲಿ.

ಬಣ್ಣ ಮಾಸಿದೆಯಾ ಎಂದು ತಿಳಿಯಲು ಹೊಲಿಗೆಯೊಳಗೆ ಮಡಚಿದ ಅಂಚನ್ನು ಸ್ವಲ್ಪ ಎತ್ತಿ ನೋಡಿ. ಅಲ್ಲಿರುವುದು ಮೊದಲಿನ ಬಣ್ಣ. ಬಟ್ಟೆಗೆ, ಕಾಗದಕ್ಕೆ 50 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಮಿತಿ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 1,20,000 ಲಕ್ಸ್-ಗಂಟೆ. ಕಿಟಕಿ ಪಕ್ಕ 1000 ಲಕ್ಸ್ ಬಿದ್ದರೆ ಅದೇ ಲೆಕ್ಕ 15 ದಿನಕ್ಕೆ ಮುಗಿಯುತ್ತದೆ. ವರ್ಷದ ಬೆಳಕು ಹದಿನೈದೇ ದಿನಕ್ಕೆ! ಎಲ್ಇಡಿ ಹಾಕಿಸಿದ್ದೇವೆ, ತೊಂದರೆಯಿಲ್ಲ ಅಲ್ವಾ ಎಂದು ಕೇಳುತ್ತಾರೆ. ಅತಿನೇರಳೆ ಕಡಿಮೆ, ನಿಜ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಕಿಟಕಿಗೆ ದಪ್ಪ ಪರದೆ, ಪೆಟ್ಟಿಗೆ ಮೇಲೆ ಸರಿಸುವ ಬಟ್ಟೆ. ಇಷ್ಟೇ ಸಾಕು.

ಮಾದರಿ ಬೇಕಿದ್ದರೆ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. 1947ರ ಆಗಸ್ಟ್ 15ರಂದು ಆ ಕೋಟೆಯಲ್ಲಿ ಹಾರಿಸಿದ 12 ಅಡಿ ಉದ್ದ, 8 ಅಡಿ ಅಗಲದ ರೇಷ್ಮೆ ತ್ರಿವರ್ಣ ಧ್ವಜವನ್ನು 2013ರಿಂದ ಅಲ್ಲಿ ಜನರಿಗೆ ತೋರಿಸುತ್ತಿದ್ದಾರೆ. ಮುಚ್ಚಿದ ಗಾಜಿನ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್ ಬಟ್ಟಲು, ಮಂದ ಬೆಳಕು. ನಮ್ಮಂಥವರಿಗೂ ಕೈಗೆಟುಕುವ ಏರ್ಪಾಡು.

ಜರಿ ಕಪ್ಪಾಗಿದೆ, ಗುಂಡಿ ಹಸಿರಾಗಿದೆ

ಗುಂಡಿ, ಬಕಲ್ ಚರ್ಮಕ್ಕೆ ತಾಗುವ ಜಾಗದಲ್ಲಿ ಮಾತ್ರ ಮೇಣದಂಥ ಹಸಿರಿದ್ದರೆ ಚರ್ಮದ ಕೊಬ್ಬು ಮತ್ತು ತಾಮ್ರ ಸೇರಿ ಆದದ್ದು. ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದು, ನಡುವೆ ಪಾಲಿಯೆಸ್ಟರ್ ಹಾಳೆಯ ಚೂರು ತೂರಿಸಿ. ಹಳೇ ಓಎಚ್‌ಪಿ ಹಾಳೆ (ಹಿಂದೆ ಪ್ರೊಜೆಕ್ಟರಿಗೆ ಬಳಸುತ್ತಿದ್ದ ಪಾರದರ್ಶಕ ಹಾಳೆ) ಸಿಕ್ಕರೆ ಚೆನ್ನ. ತೆಳು ಹಸಿರು ಪುಡಿ, ತೆಗೆದರೂ ಮತ್ತೆಮತ್ತೆ ಬಂದರೆ ಅದು ಉಪ್ಪಿನಂಶದ ಕಿಲುಬು. ತೇವ ತಗ್ಗಿಸದೆ ಅದು ನಿಲ್ಲುವುದಿಲ್ಲ.

ಜರಿ ಕಪ್ಪಾಗಲು ಗಂಧಕದ ಆವಿ ಕಾರಣ. ಅದು ಬರುವುದು ಪೆಟ್ಟಿಗೆಗೆ ಹಾಸಿದ ಫೆಲ್ಟ್, ರಬ್ಬರ್ ಪಟ್ಟಿ, ಕೆಲವೊಮ್ಮೆ ಪಕ್ಕದ ಉಣ್ಣೆ ಕೋಟಿನಿಂದಲೇ. ಪರೀಕ್ಷೆ ಸುಲಭ. ಬೆಳ್ಳಿಯ ಎರಡು ಚೂರು ಉಜ್ಜಿ ಹೊಳಪು ಮಾಡಿ. ಒಂದು ಪೆಟ್ಟಿಗೆಯೊಳಗೆ, ಒಂದು ಹೊರಗೆ ನೇತುಹಾಕಿ. ತಿಂಗಳಾದ ಮೇಲೆ ಒಳಗಿನದ್ದು ಜಾಸ್ತಿ ಕಪ್ಪಾಗಿದ್ದರೆ ಪೆಟ್ಟಿಗೆಯೇ ಕಳ್ಳ. ಹಾಸು ಬದಲಿಸಿ. ಜರಿಯನ್ನು ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿಯಿಂದ ಉಜ್ಜಬೇಡಿ. ನೂಲಿನ ಮೇಲೆ ಸುತ್ತಿದ ಬೆಳ್ಳಿ ಎಳೆಯ ಮೇಲೆ ಚಿನ್ನ ಇರುವುದು ಉಸಿರಿನಷ್ಟು. ಒಂದು ಸಲ ಉಜ್ಜಿದರೆ ಹೋಯಿತು.

ತೂತು

ಉಣ್ಣೆಯಲ್ಲಿ ತೂತಿನ ಜೊತೆ ರೇಷ್ಮೆಯಂಥ ಬಲೆ, ಕೊಳವೆ, ಬಟ್ಟೆಯದೇ ಬಣ್ಣದ ಕಾಳು ಇದ್ದರೆ ಬಟ್ಟೆ ನುಸಿ. ಬಲೆ ಇಲ್ಲ, ಬದಲಿಗೆ ರೋಮವಿರುವ ಕಂದು ಪೊರೆ ಬಿದ್ದಿದ್ದರೆ ಕಾರ್ಪೆಟ್ ಜೀರುಂಡೆಯ ಮರಿ. ಎರಡೂ ಹಳೇ ಗಾಯವೂ ಆಗಿರಬಹುದು. ವಸ್ತುವನ್ನು ಬಿಳಿ ಹಾಳೆ ಮೇಲಿಟ್ಟು ಎರಡು ಮೂರು ವಾರ ಅಲುಗಾಡಿಸದೆ ಬಿಡಿ. ಹಾಳೆ ಮೇಲೆ ಹೊಸ ಕಾಳು ಬಿದ್ದರೆ ಹುಳ ಬದುಕಿದೆ.

ಬದುಕಿದ್ದರೆ ಫ್ರೀಜರ್ ಒಳ್ಳೆಯದು. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆ ಮೇಲೆ ನೀರು ಕೂರುತ್ತದೆ. ಬಣ್ಣ ಬಳಿದ ಧ್ವಜ, ಗಾಜಿನ ನೆಗೆಟಿವ್‌ಗಳಿಗೆ ಇದು ಬೇಡ. ಬೇವಿನೆಲೆ, ಬಜೆ ಬೇರು ಇಡುವ ಹಿರಿಯರ ಪದ್ಧತಿಯನ್ನು ನಾನು ಬೇಡ ಎನ್ನುವುದಿಲ್ಲ. ಹುಳ ಬರದಂತೆ ಸ್ವಲ್ಪ ತಡೆಯಬಹುದು, ಬಂದದ್ದನ್ನು ಕೊಲ್ಲುವುದಿಲ್ಲ. ಬಟ್ಟೆಗೆ ತಾಗದಂತೆ ಗಂಟು ಕಟ್ಟಿ ಮೂಲೆಯಲ್ಲಿಡಿ.

ಕಾಗದಗಳು

ಸರ್ಟಿಫಿಕೇಟಿನ ಮೇಲೆ ಅಡ್ಡಡ್ಡ ಕಂದು ಪಟ್ಟೆ ಇದ್ದರೆ ಫ್ರೇಮ್ ತಿರುಗಿಸಿ. ಹಿಂದಿನ ಮರದ ಪಟ್ಟಿಗಳ ಸಂದಿಗೂ ಆ ಪಟ್ಟೆಗೂ ಅಳತೆ ತಾಳೆಯಾಗುತ್ತದೆ. ಮರದ ಆಮ್ಲ, ಸಂದಿಯ ಗಾಳಿ ಮಾಡಿದ ಕೆಲಸ ಅದು. ಅಕ್ಷರದ ಸುತ್ತ ಕಂದು ಬಣ್ಣ ಹರಡಿ, ದಪ್ಪ ಅಕ್ಷರದ ಜಾಗದಲ್ಲಿ ತೂತು ಬಿದ್ದಿದ್ದರೆ ಕಬ್ಬಿಣದ ಶಾಯಿ ಕಾಗದವನ್ನು ಸುಡುತ್ತಿದೆ. ಮಡಚಬೇಡಿ, ಒದ್ದೆ ಮಾಡಬೇಡಿ, ಚಪ್ಪಟೆಯಾಗಿಡಿ.

ಮೊದಲ ಮಹಾಯುದ್ಧದ ಪತ್ರಗಳಿದ್ದರೆ ಇನ್ನೂ ಎಚ್ಚರ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಾಡಿದ ಕಾಲಕ್ಕೆ ರಣರಂಗದಲ್ಲಿ ಕಾಪಿಯಿಂಗ್ ಪೆನ್ಸಿಲ್ ಬಳಕೆ ಬಹಳ. ನೋಡಲು ಸಾದಾ ಬೂದು ಪೆನ್ಸಿಲ್ ಗೆರೆ. ಒಂದು ಹನಿ ನೀರು ತಾಗಿದರೆ ನೇರಳೆ ಬಣ್ಣವಾಗಿ ಇಡೀ ಸಾಲು ಹರಡಿಬಿಡುತ್ತದೆ. ಭೂತಗನ್ನಡಿಯಲ್ಲಿ ಗೆರೆಯ ಅಂಚಿನಲ್ಲಿ ಎಲ್ಲಾದರೂ ನೇರಳೆ ಚುಕ್ಕೆ ಕಂಡರೆ ಅದು ಇದೇ. ಬೂಷ್ಟು ಒರೆಸಲು ಒದ್ದೆ ಬಟ್ಟೆ ತಂದವರು ಪತ್ರವನ್ನೇ ಕಳೆದುಕೊಳ್ಳುತ್ತಾರೆ.

ಸೆಲೋ ಟೇಪ್ ಹಚ್ಚಿದ್ದರೆ ಎಳೆಯಬೇಡಿ. ಲ್ಯಾಮಿನೇಷನ್ ಅಂಗಡಿಗೆ ಒಯ್ಯಬೇಡಿ, ಅದು ವಾಪಸ್ ಬರದ ದಾರಿ. ಗಾಜಿಗೆ ಅಂಟಿದ ಫೋಟೋವನ್ನು ಗಾಜಿನ ಸಮೇತ ಬಿಡಿ. ಪ್ರದರ್ಶನಕ್ಕೆ ಒಳ್ಳೆಯ ಬಣ್ಣದ ಪ್ರತಿ ಇಟ್ಟು ಮೂಲವನ್ನು ಕತ್ತಲಲ್ಲಿಡಿ. ನೋಡುವವರಲ್ಲಿ ಬಹುತೇಕರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಪ್ರತಿ ಎಂದು ಕೆಳಗೆ ಬರೆಯಿರಿ.

ತಜ್ಞರನ್ನು ಕರೆಯಬೇಕಾದ್ದು ಯಾವಾಗ

ವಿಷಪುಡಿಯ ಅನುಮಾನ, ಪುಡಿಯಾಗುವ ರೇಷ್ಮೆ, ತೂತು ಬೀಳುತ್ತಿರುವ ಶಾಯಿ, ಗಾಜಿಗೆ ಅಂಟಿದ ಫೋಟೋ. ಈ ನಾಲ್ಕರಲ್ಲಿ ಒಂದಿದ್ದರೂ ಮುಂದೆ ಹೋಗಬೇಡಿ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಜೊತೆ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ನಡೆಸುವ ಸಂರಕ್ಷಣಾ ಕೇಂದ್ರವಿದೆ. ವಸ್ತುವನ್ನು ಹೊತ್ತುಕೊಂಡು ಹೋಗುವ ಮೊದಲು ಪತ್ರ ಬರೆಯಿರಿ. ಅಡ್ಡ ಬೆಳಕಿನಲ್ಲಿ ತೆಗೆದ ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದ ಇನ್ನೊಂದು ಫೋಟೋ, ಮೂರು ಹೊತ್ತಿನ ತೇವಾಂಶದ ಪುಟಗಳು, ಪೆಟ್ಟಿಗೆ ಯಾವುದರಿಂದ ಮಾಡಿದ್ದು ಎಂಬ ವಿವರ, ಹಿಂದೆ ಯಾರು ಏನು ಹಚ್ಚಿದ್ದರು ಎಂಬ ನೆನಪು, ಇಷ್ಟನ್ನೂ ಜೊತೆಗಿಡಿ. ಕೊನೆಯದ್ದನ್ನು ಸಂಕೋಚವಿಲ್ಲದೆ ಬರೆಯಿರಿ. ಬ್ರಾಸೋ ಹಚ್ಚಿದ್ದು, ಗ್ಯಾಮಾಕ್ಸಿನ್ ಉದುರಿಸಿದ್ದು ಗೊತ್ತಾದರೆ ಅವರ ಅರ್ಧ ಕೆಲಸ ಹಗುರ.